ಕೆಂಪು ಶಾಯಿಯ ಮದಗ

ಕಳೆದ ವಾರ ತಂಗಿಯ ಮಗಳ ಮದುವೆಗೆ ಉಡೋಣವೆಂದು ಪೆಟ್ಟಿಗೆ ತೆರೆದು ರೇಷ್ಮೆ ಸೀರೆ ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಅಮ್ಮನೋ ಅಜ್ಜಿಯೋ ನೆನಪಾಗುತ್ತಾರಂತೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಕುಂದಾಪುರದ ಒಂದು ಹಳೆಯ ಲೈಬ್ರರಿ, ಅದರ ಹಿಂದಿನ ಕೋಣೆ, ಬೆನ್ನಿಗೆ ಬಟ್ಟೆ ಅಂಟಿಸಿ ಸುರುಳಿ ಸುತ್ತಿಟ್ಟ ನೂರಾರು ನಕ್ಷೆಗಳು, ಸುರುಳಿಗೊಂದರಂತೆ ನುಸಿಗುಳಿಗೆ, ಅವುಗಳ ನಡುವೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತ ಆ ಮನುಷ್ಯ... ಇಷ್ಟು ವರ್ಷವಾದರೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ.

ಊರವರು ಅವರನ್ನು ಮ್ಯಾಪ್ ಮಾಷ್ಟ್ರು ಎನ್ನುತ್ತಿದ್ದರು. ಅವರು ಒಂದು ದಿನವೂ ಪಾಠ ಮಾಡಿದವರಲ್ಲ, ಲೈಬ್ರರಿ ನೋಡಿಕೊಳ್ಳುವುದಷ್ಟೇ ಕೆಲಸ. ಕಾದಂಬರಿಯನ್ನೋ ವಾರಪತ್ರಿಕೆಯನ್ನೋ ಯಾರು ಒಯ್ದರೂ ತಲೆ ಎತ್ತುತ್ತಿರಲಿಲ್ಲ. ನಕ್ಷೆ ಎಂದರೆ ಮಾತ್ರ ಕುರ್ಚಿ ಬಿಟ್ಟು ಎದ್ದು ಬರುತ್ತಿದ್ದರು. ಮಳೆಯದ್ದು, ಮಣ್ಣಿನದ್ದು, ಕಾಡಿನದ್ದು, ಕೆರೆ-ತೊರೆಗಳದ್ದು, ಏನೆಲ್ಲ ಇತ್ತು ಅವರ ಹತ್ತಿರ! ಆದರೆ ಹೊರಗೆ ಒಯ್ಯುವಂತಿಲ್ಲ, ಝೆರಾಕ್ಸ್ ಮಾಡಿಸುವಂತಿಲ್ಲ, ಬೆರಳು ಇಡುವಂತಿಲ್ಲ. ನಾನು ಆಗ ಕೋಟೇಶ್ವರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದೆ. ಮಕ್ಕಳಿಗಾಗಿ ನಕ್ಷೆ ನೋಡಿ ಬರೆದುಕೊಳ್ಳಲು ಹೋದರೆ ಮೊದಲು ನನ್ನ ಕೈಯ ವಿಚಾರಣೆ. ನಮ್ಮದು ಮೀನು ವ್ಯಾಪಾರದ ಮನೆ, ಅದು ಅವರಿಗೆ ಗೊತ್ತು.

“ಬೈಗಿ ಮೀನಿನ ಸಾರಾ ಟೀಚರ್ರೇ ಇವತ್ತ್? ಇನ್ನೊಂದ್ ಸರ್ತಿ ಸೋಪ್ ಹಾಕಿ ತೊಳ್ಕಂಡ್ ಬನ್ನಿ.”

ತೊಳೆದುಕೊಂಡು ಬಂದರೂ ನಕ್ಷೆ ಸಿಗುತ್ತದೆಂಬ ಭರವಸೆ ಇಲ್ಲ. ಲೋಕದಲ್ಲಿ ಎಲ್ಲರೂ ನಕ್ಷೆಗಳನ್ನು ವಿಷಯ ನೋಡಿ ಜೋಡಿಸುತ್ತಾರೆ. ಇವರು ಜೋಡಿಸಿದ್ದು ದಿಕ್ಕು ನೋಡಿ. ನಾಲ್ಕು ಕಪಾಟುಗಳ ಮೇಲೆ ದಪ್ಪಕ್ಷರದಲ್ಲಿ ಮೂಡು, ಪಡು, ತೆಂಕು, ಬಡಗು ಎಂದು ಬರೆದಿದ್ದರು. ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಎಂದೂ ಅಲ್ಲ. ಬಾವಿ ಎಲ್ಲಿದೆ ಎಂದು ಕೇಳಿದರೆ ನಮ್ಮ ಕಡೆಯವರು ಹೇಳುತ್ತಾರಲ್ಲ, ಹಾಗೆ. ಲೈಬ್ರರಿಯ ಬಾಗಿಲಲ್ಲಿ ನಿಂತರೆ ಆ ಊರು ಯಾವ ಬದಿಗೋ, ಆ ಬದಿಯ ಕಪಾಟಿನಲ್ಲಿ ಅದರ ನಕ್ಷೆ. ಬೈಂದೂರು, ಮುಂಬಯಿ, ಕಾಶ್ಮೀರ ಮೂರೂ ಬಡಗಿನಲ್ಲಿ ಒಟ್ಟಿಗೆ. ಬ್ರಹ್ಮಾವರಕ್ಕೆ ಒರಗಿಕೊಂಡು ಸಿಲೋನು. ಭಾರತದ ಮಳೆಯ ನಕ್ಷೆಗಾಗಿ ಒಮ್ಮೆ ಅರ್ಧ ದಿನ ಹುಡುಕಿದೆ. ಕೊನೆಗೆ ಅದು ಪಡು ಕಪಾಟಿನಲ್ಲಿ ಆಫ್ರಿಕಾದ ಪಕ್ಕ ಸಿಕ್ಕಿತು.

“ಇದೆಂತ ಮಾಷ್ಟ್ರೇ, ಇಲ್ಲಿ ಇಟ್ಟಿದ್ರಿ?” ಎಂದು ರೇಗಿದೆ.

“ಮಳಿ ಬಪ್ಪುದ್ ಪಡುವಿಂದ ಅಲ್ದಾ ಟೀಚರ್ರೇ?” ಎಂದರು. ನಾನೇ ದಡ್ಡಿ ಎಂಬ ಹಾಗೆ ನೋಡಿದರು ಬೇರೆ.

ಇನ್ನೊಂದು ಚಾಳಿ ಇತ್ತು, ಅದು ಇದಕ್ಕಿಂತ ಕೆಟ್ಟದ್ದು. ತೊಂಬತ್ತೇಳರಲ್ಲಿ ದಕ್ಷಿಣ ಕನ್ನಡ ಒಡೆದು ಉಡುಪಿ ಜಿಲ್ಲೆಯಾಯಿತಲ್ಲ, ಆಗ ಊರೆಲ್ಲ ಪಟಾಕಿ ಹೊಡೆದು ಸುಮ್ಮನಾಯಿತು. ಇವರು ಕೆಂಪು ಶಾಯಿಯ ಪೆನ್ನು ತಂದರು. ಕೋಣೆಯಲ್ಲಿದ್ದ ಒಂದೊಂದೇ ನಕ್ಷೆ ಬಿಡಿಸಿ, ಹೊಸ ಗಡಿ ಎಳೆದು, ಹಳೆಯ ಹೆಸರು ಹೊಡೆದು ಹೊಸದು ಬರೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿ. ಹಾಗೆ ಬಿಡಿಸಿದಾಗ ಕಣ್ಣಿಗೆ ಬಿದ್ದ ತಪ್ಪನ್ನೆಲ್ಲ ತಿದ್ದತೊಡಗಿದರು. ಕೊಕ್ಕರ್ಣೆಯ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದಕ್ಕೆ ಅದನ್ನು ಅಚ್ಚು ಹಾಕಿದವರಿಗೆ ಕಾಗದ ಬರೆದು ಉತ್ತರಕ್ಕೆ ಕಾದಿದ್ದರು. ಉತ್ತರ ಎಲ್ಲಿಂದ ಬರಬೇಕು? ಒತ್ತನ್ನು ತಾವೇ ಕೆಂಪಿನಲ್ಲಿ ಹಾಕಿದರು. ನಾನು ನಕ್ಕಿದ್ದೆ. ಆಗ ನಗು ಬರುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ನಮ್ಮ ಕೇರಿಗೆ ಕಷ್ಟ ಬಂತು. ನಮ್ಮ ಮನೆ ತಲ್ಲೂರಿನಲ್ಲಿ. ರಸ್ತೆಗೆ ತಾಗಿ ಒಂದು ಮದಗ ಇತ್ತು, ಕೆರೆಗಿಂತ ಸಣ್ಣದು. ನೋಡಲು ಏನೂ ಇಲ್ಲ, ಆದರೆ ಅದರಲ್ಲಿ ನೀರು ನಿಂತಿದ್ದರಿಂದಲೇ ಬೇಸಿಗೆಯಲ್ಲಿ ಕಡಲಿನಿಂದ ಹೊಳೆಗೆ ಏರುವ ಉಪ್ಪು ನಮ್ಮ ಬಾವಿಗಳಿಗೆ ಇಳಿಯುತ್ತಿರಲಿಲ್ಲ. ಹೆದ್ದಾರಿ ಬದಿಯ ಜಾಗಕ್ಕೆಲ್ಲ ಬೆಲೆ ಬಂದ ಕಾಲ. ಒಬ್ಬರು ಅದಕ್ಕೆ ಲಾರಿಗಟ್ಟಲೆ ಮಣ್ಣು ಸುರಿಸತೊಡಗಿದರು. ಕೇಳಿದರೆ ಅದು ಮದಗವೇ ಅಲ್ಲ, ಕೆಂಪುಕಲ್ಲು ತೆಗೆದ ಹೊಂಡ ಎಂದರು. ನಾವು ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಸಾಹೇಬರು ಜಾಗ ನೋಡಲು ಬರುವ ದಿನ ಗೊತ್ತಾಯಿತು. ಅದು ಹಳೆಯ ಮದಗ ಎನ್ನುವುದಕ್ಕೆ ಅಚ್ಚಾದ ಕಾಗದ ಏನಾದರೂ ಇದ್ದರೆ ತನ್ನಿ ಎಂದು ಕಚೇರಿಯಲ್ಲಿ ಹೇಳಿದ್ದರು.

ನಾನು ನೇರ ಮಾಷ್ಟ್ರ ಹತ್ತಿರ ಹೋದೆ. ಕೆರೆ-ತೊರೆಗಳ ಹಳೆಯ ನಕ್ಷೆಯನ್ನು ಅವರು ಬಡಗು ಕಪಾಟಿನಿಂದ ತೆಗೆದು ಹಾಸಿದರು. ತಲ್ಲೂರಿನ ರಸ್ತೆಗೆ ಅಂಟಿಕೊಂಡು ಸಾಸಿವೆಯಷ್ಟು ನೀಲಿ ಚುಕ್ಕೆ! ನನಗೆ ಕಣ್ಣೀರೇ ಬಂತು. ಎರಡು ದಿನದ ಮಟ್ಟಿಗೆ ಕೊಡಿ ಎಂದು ಗೋಗರೆದೆ.

“ಹೊರಗೆ ಕೊಡುಕಾತಿಲ್ಲ. ಆವತ್ತ್ ನಾನೇ ತಕಂಡ್ ಬತ್ತೆ,” ಎಂದರು. ಮತ್ತೆ ಕನ್ನಡಕ ಸರಿಮಾಡಿಕೊಂಡು ಚುಕ್ಕೆಯ ಮೇಲೆ ಬಗ್ಗಿದರು. “ಆ ಮದಗ ರಸ್ತೆಯ ಯಾವ್ ಬದಿಗೆ ಟೀಚರ್ರೇ?”

“ಪಡುಬದಿಗೆ,” ಎಂದೆ. ಅಷ್ಟೇ ನಾನು ಆಡಿದ ಮಾತು. ಆ ಒಂದು ಮಾತು ಬಾಯಿಂದ ಬೀಳದಿದ್ದರೆ...

ಸಾಹೇಬರು ಬಂದರು. ಕೇರಿಯವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದ್ದರು. ಮಣ್ಣು ಹಾಕಿಸಿದವರೂ ಇದ್ದರು. ಮಾಷ್ಟ್ರು ನಕ್ಷೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಎರಡೂ ತೋಳಲ್ಲಿ ಹಿಡಿದು ಬಸ್ಸಿನಿಂದ ಇಳಿದರು. ಸೀಟು ಬಿಟ್ಟುಕೊಟ್ಟರೂ ಸುಕ್ಕಾಗುತ್ತದೆಂದು ಕುಂದಾಪುರದಿಂದ ನಿಂತೇ ಬಂದರಂತೆ. ಲೈಬ್ರರಿಗೆ ಅವತ್ತು ಬೀಗ. ಬಂದವರೇ ಸಾಹೇಬರಿಗೆ ಕೈ ತೊಳೆದುಕೊಳ್ಳಲು ಹೇಳಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು. ಪುಣ್ಯಕ್ಕೆ ಸಾಹೇಬರು ನಕ್ಕು, ತೊಳೆದುಕೊಂಡು ಬಂದರು.

ನಕ್ಷೆ ಬಿಡಿಸುವಾಗ ಮಾಷ್ಟ್ರು ನನ್ನ ಕಡೆ ಬಾಗಿ ಗುಟ್ಟಿನಲ್ಲಿ, “ಸರಿ ಮಾಡಿ ತಂದಿದೆ ಟೀಚರ್ರೇ,” ಎಂದರು.

ನೋಡುತ್ತೇನೆ, ನೀಲಿ ಚುಕ್ಕೆಯ ಮೇಲೆ ಎರಡು ಕೆಂಪು ಗೆರೆ ಹೊಡೆದಿದೆ. ರಸ್ತೆಯ ಈಚೆ ಬದಿಯಲ್ಲಿ ಕೆಂಪು ಶಾಯಿಯ ಹೊಸ ಚುಕ್ಕೆ. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಮದಗ’.

“ಇದನ್ನು ಬರೆದವರು ಯಾರು?” ಸಾಹೇಬರು ಕೇಳಿದರು.

“ನಾನೇ. ಅಚ್ಚಿನವರ್ ಮೂಡುಬದಿಗೆ ಹಾಕಿದ್ರ್. ತಪ್ಪಲ್ದಾ? ಹೋದ ಆದಿತ್ಯವಾರ ನಾ ಇಲ್ಲಿಗೆ ನಡ್ಕಂಡ್ ಬಂದ್, ಸುತ್ತ ಒಂದ್ ಸುತ್ತ್ ಹೋಯಿ ಕಂಡಿದೆ. ಇಪ್ಪುದ್ ಪಡುಬದಿಗೇ.”

“ಅಚ್ಚಾದ ಚುಕ್ಕೆ ಆಚೆ ಬದಿಗಿದೆ, ಅದನ್ನೂ ಹೊಡೆದುಹಾಕಿದ್ದೀರಿ. ಈಚೆಯದ್ದು ನಿಮ್ಮ ಕೈಬರಹ. ಇದನ್ನು ನಾನು ಹೇಗೆ ಒಪ್ಪಲಿ?” ಸಾಹೇಬರ ದನಿಯಲ್ಲಿ ಬೇಸರವಿತ್ತು. ಮಣ್ಣು ಹಾಕಿಸಿದವರು ಮಾತ್ರ ಸೊಗಸಾಗಿ ಕೆಮ್ಮಿದರು.

ಅಷ್ಟು ಸಣ್ಣ ನಕ್ಷೆಯಲ್ಲಿ ಆ ಚುಕ್ಕೆ ಮೂಡೋ ಪಡುವೋ ಯಾರು ಕೇಳುತ್ತಿದ್ದರು? ಮುಟ್ಟದೆ ಬಿಟ್ಟಿದ್ದರೆ ಮದಗ ಉಳಿಯುತ್ತಿತ್ತು. ಇದನ್ನೇ ನಾನು ಎಲ್ಲರೆದುರು ಕಿರುಚಿದೆ. ನಿಮ್ಮಂಥ ಕೆಲಸಕ್ಕೆ ಬಾರದವರನ್ನು ನಂಬಿ ಕೇರಿಯ ನೀರು ಕಳೆದುಕೊಂಡೆವು ಎಂದೆ. ಅವರ ಮಗಳ ಪ್ರಾಯ ನನ್ನದು. ಅವರು ನಕ್ಷೆಯನ್ನು ಮೆಲ್ಲಗೆ ಸುತ್ತಿ, ಪಂಚೆಯ ಗಂಟು ಬಿಗಿದು, ನನ್ನತ್ತ ತಿರುಗಿದರು.

“ಆದ್ರೂ ಮದಗ ಪಡುಬದಿಗೇ ಇಪ್ಪುದಲ್ದಾ ಟೀಚರ್ರೇ?”

ನಾನು ಮುಖ ತಿರುಗಿಸಿ ಒಳಗೆ ಹೋದೆ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ನೀರು ಕೂಡ ಕೊಡಲಿಲ್ಲ. ಮತ್ತೆ ಆ ಲೈಬ್ರರಿಯ ಮೆಟ್ಟಿಲು ಹತ್ತಲೂ ಇಲ್ಲ. ಎಷ್ಟೋ ಕಾಲದ ನಂತರ, ಯಾರದೋ ಮನೆಯ ಊಟದ ಪಂಕ್ತಿಯಲ್ಲಿ, ಮ್ಯಾಪ್ ಮಾಷ್ಟ್ರು ಹೋಗಿ ವರ್ಷವಾಯಿತು ಎಂದು ಪಕ್ಕದವರು ಹೇಳಿದರು. ಲೈಬ್ರರಿ ಬೇರೆ ಕಟ್ಟಡಕ್ಕೆ ಹೋಗುವಾಗ ನಕ್ಷೆಗಳನ್ನು ಹಳೇ ಕಾಗದದ ಜತೆ ತೂಕಕ್ಕೆ ಹಾಕಿದರಂತೆ. ಯಾವುದು ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಹೇಗೆ ತಿಳಿಯಬೇಕು!

ಮದಗದ ಮೇಲೆ ಈಗ ಮೂರು ಅಂತಸ್ತಿನ ಕಟ್ಟಡ. ಮಾರ್ಚ್ ಬಂದರೆ ನಮ್ಮ ಬಾವಿಯ ನೀರು ಬಾಯಿಗಿಡಲು ಬರುವುದಿಲ್ಲ, ಟ್ಯಾಂಕರ್ ಬರಬೇಕು. ಮೊನ್ನೆ ಟ್ಯಾಂಕರಿಗೆ ಕಾಯುತ್ತ ನಿಂತಾಗ, ಇಲ್ಲೊಂದು ಮದಗ ಇತ್ತು ಎಂದೆ. ಕೇರಿಗೆ ಹೊಸದಾಗಿ ಬಂದ ಸೊಸೆ ಫೋನಿನಲ್ಲಿ ನಕ್ಷೆ ತೆರೆದು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಇದ್ರಗೆ ಎಂತದೂ ಇಲ್ಯಲೆ ಅಕ್ಕ. ಮೊದ್ಲ್ ಇದ್ದದ್ದ್ ಹೌದಾ?”

ಜಗತ್ತಿನ ಒಂದೇ ಒಂದು ನಕ್ಷೆಯಲ್ಲಿ ಅದು ಇದ್ದ ಜಾಗದಲ್ಲೇ ಇತ್ತು. ಅದನ್ನು ಅಲ್ಲಿ ಇಟ್ಟವರನ್ನು ನಾನು ಊರೆದುರು ಕೆಲಸಕ್ಕೆ ಬಾರದವರು ಎಂದಿದ್ದೆ. ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ, ಸುಳ್ಳು ಹೇಳಲಾರೆ. ಆದರೆ ಅವತ್ತು ನಮ್ಮ ಜಗಲಿ ಇಳಿಯುವ ಮುಂಚೆ ಅವರು ಕೇಳಿದ್ದು ಒಂದೇ ಮಾತು. ಅದಕ್ಕೆ ಹೌದು ಮಾಷ್ಟ್ರೇ ಎನ್ನಲು ನನಗೆ ಬಾಯಿ ಬರಲಿಲ್ಲ, ಇನ್ನು ಹೇಳೋಣವೆಂದರೆ ಕೇಳಲು ಅವರಿಲ್ಲ.