ಹೇಮಕುಂಡಕ್ಕೆ ಬರಿಗಾಲಲ್ಲಿ ಹೋದವರು

ಜೂನ್ ೧೪, ಬೆಳಗಿನ ಜಾವ ಐದೂಕಾಲು. ಹೇಮಕುಂಡದ ಬೆಟ್ಟದ ಬುಡದ ಘಾಂಗರಿಯಾದಲ್ಲಿ ನಾವು ತಂಗಿದ್ದ ಗುರುದ್ವಾರದ ಹೊರಗೆ, ಕೊರೆಯುವ ಚಪ್ಪಡಿಯ ಮೇಲೆ ಗುರುಸ್ವಾಮಿ ಬರಿಗಾಲಲ್ಲಿ ನಿಂತಿದ್ದರು. ಹಿಮ್ಮಡಿ ತುಂಬ ಬಿರುಕು. ಬಿರುಕಿನೊಳಗೆ ಒಣಗಿ ಮಣ್ಣು ಹಿಡಿದ ಸಲ್ಯೂಷನ್. ಅಜ್ಜಂಪುರದಲ್ಲಿ ನಮ್ಮ ಮನೆ ಎದುರಿಗೇ ಅವರ ಪಂಕ್ಚರ್ ಅಂಗಡಿ. ಟ್ಯೂಬಿಗೆ ಹಚ್ಚಿ ಮಿಕ್ಕಿದ್ದನ್ನು ಹಿಮ್ಮಡಿಗೂ ಹಚ್ಚಿಕೊಳ್ಳುತ್ತಿದ್ದರು. “ಟ್ಯೂಬಿಗ್ ಆಗೋದು ನಂಗಾಗಲ್ವೇನೋ?” ಎನ್ನುತ್ತಿದ್ದರು.

ಪ್ರತಿ ವರ್ಷ ಮಾಲೆ ಹಾಕಿ ನಮ್ಮ ಕಡೆಯವರನ್ನು ಶಬರಿಮಲೆಗೆ ಕರೆದೊಯ್ಯುತ್ತಿದ್ದವರು ಅವರೇ. ಮಾಲೆ ಇರುವಷ್ಟು ದಿನ ನನ್ನನ್ನೂ ‘ಸ್ವಾಮಿ’ ಎಂದು ಬಹುವಚನದಲ್ಲಿ ಮಾತಾಡಿಸುವರು; ಮಾಲೆ ತೆಗೆದ ಸಂಜೆಯೇ “ಲೇ, ಆ ಪಂಪ್ ತಗೊಂಬಾರೋ” ಶುರು. ನಾನು ಡೈರಿ ಬರೆಯುವವನೆಂದು ತಲೆ ಎಣಿಸುವ ಕೆಲಸ ನನ್ನದು. ಹತ್ತಿದವರೂ ಇಳಿದವರೂ ಸರಿ ಬಂದ ಮೇಲೆಯೇ ಅವರು ಊಟಕ್ಕೆ ಕೂರುತ್ತಿದ್ದರು.

ಹಿಮಾಲಯದಲ್ಲಿ ಲಕ್ಷ್ಮಣ ತಪಸ್ಸು ಮಾಡಿದ ಹೇಮಕುಂಡವೆಂಬ ಸರೋವರವಿದೆ, ಅದರ ದಡದಲ್ಲೇ ಸಿಖ್ಖರ ಗುರುದ್ವಾರವೂ ಇದೆ ಎಂದು ಯಾರೋ ಹೇಳಿದ್ದೇ ತಡ, ಈ ವರ್ಷ ಎಂಟು ಜನರನ್ನು ಕಟ್ಟಿಕೊಂಡು ಹೊರಟರು. ಅದಕ್ಕೂ ಮಾಲೆ ಹಾಕಿದರು. ದೇವರು ಯಾರೇ ಆಗಲಿ, ಬೆಟ್ಟ ಹತ್ತುವುದು ಬರಿಗಾಲಲ್ಲೇ ಎಂಬುದು ಅವರ ನೇಮ.

“ಇದು ಪಂಪೆ ಅಲ್ಲ ಕಣ್ರೀ, ಹಿಮ. ಶೂ ಹಾಕ್ಕಳಿ,” ಎಂದರು ನಮ್ಮ ಜೊತೆ ಬಂದಿದ್ದ ತರೀಕೆರೆಯ ಬೇಕರಿಯವರು.

“ನೀವ್ ಹಾಕ್ಕಂಡಿದ್ದೀರಲ್ಲ, ಅದ್ರಲ್ಲೇ ನನ್ ಚಳಿನೂ ಹೋಗ್ಲಿ ಬಿಡ್ರೀ.”

ಗುರುಸ್ವಾಮಿಯ ಹೆಂಡತಿ ಚೀಲದ ತಳದಲ್ಲಿ ಇಟ್ಟು ಕಳಿಸಿದ್ದ ಉಣ್ಣೆಯ ಕಾಲುಚೀಲ ತೆಗೆದುಕೊಟ್ಟೆ. ಅದನ್ನು ಕೈಗೆ ಹಾಕಿಕೊಂಡರು.

ಮೇಲೆ ದಾರಿ ಹಿಮದ ಮೇಲೇ ಸಾಗಿತು. “ಚಳಿನೇ ಗೊತ್ತಾಗ್ತಿಲ್ಲ ಸ್ವಾಮಿ, ಹತ್ತಿ ಮೇಲೆ ನಡ್ದಂಗಿದೆ,” ಎಂದರು. ಬೇಕರಿಯವರು ಕೈ ಮುಗಿದರು. ನಾನೂ ಅದನ್ನು ವ್ರತದ ಬಲವೆಂದೇ ಡೈರಿಯಲ್ಲಿ ಬರೆದೆ. ಸಕ್ಕರೆ ಕಾಯಿಲೆಗೆ ಅವರು ಮಾತ್ರೆ ನುಂಗುವುದು ನಮಗೆಲ್ಲ ಗೊತ್ತಿತ್ತು. ಆ ಕಾಯಿಲೆ ಪಾದದ ಅರಿವನ್ನೇ ತಿಂದುಹಾಕುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಸರೋವರದ ದಡದ ಗುರುದ್ವಾರದಲ್ಲಿ, ಚಪ್ಪಲಿ ಬಿಡುವ ಕಡೆ ವಯಸ್ಸಾದ ಸಿಖ್ಖರೊಬ್ಬರು ಸೇವೆಗೆ ಕೂತಿದ್ದರು. ನಮ್ಮ ಶೂಗಳನ್ನೆಲ್ಲ ಎತ್ತಿಟ್ಟು ಗುರುಸ್ವಾಮಿಯ ಕಡೆ ಕೈ ಚಾಚಿದವರು, ಕೆಳಗೆ ನೋಡಿ ಹಾಗೇ ನಿಂತರು. ಬೆರಳುಗಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಬಲ ಅಂಗಾಲು ಸೀಳಿ ರಕ್ತ ಬರುತ್ತಿತ್ತು. ನಡೆದವರಿಗೆ ಅದು ತಿಳಿದೇ ಇರಲಿಲ್ಲ. ಆ ಹಿರಿಯರು ಅವರನ್ನು ಕೂರಿಸಿ, ತಮ್ಮ ಶಾಲು ಬಿಚ್ಚಿ ಸುತ್ತಿ, ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡರು.

“ದೊಡ್ಡೋರು ನನ್ ಕಾಲ್ ಮುಟ್ಟಬಾರ್ದು ಅನ್ನಿ ಸ್ವಾಮಿ ಅವ್ರಿಗೆ,” ಎಂದರು ಗುರುಸ್ವಾಮಿ, ಕಣ್ಣು ತುಂಬಿಕೊಂಡು.

ನನ್ನ ಹರಕು ಹಿಂದಿಯಲ್ಲಿ ಹೇಳಿದೆ. “ಅದೆಲ್ಲ ಆಮೇಲೆ. ಮೊದಲು ಇವರನ್ನ ಕೆಳಗಿಳಿಸು ಮಗಾ, ಡಾಕ್ಟರಿಗೆ ತೋರಿಸು,” ಎಂದು ಅವರು ಹಿಂದಿಯಲ್ಲೇ ಗದರಿದರು. ಹೇಸರಗತ್ತೆಯ ಮೇಲೆ ಕೂರಿಸಿ ಇಳಿಸಿದೆವು. ಘಾಂಗರಿಯಾದಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿ ಊರಿಗೆ ಹೊರಟೆವು.

ಕಡೂರಿನಲ್ಲಿ ರೈಲು ಇಳಿಯುವ ಹೊತ್ತಿಗೆ ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡವಾದರೆ ಜೀವ ಉಳಿಯುವುದಿಲ್ಲ ಎಂದರು ಶಿವಮೊಗ್ಗದ ಡಾಕ್ಟರು.

“ಒಂಟಿ ಕಾಲಲ್ಲಿ ಇರುಮುಡಿ ಹೊತ್ಕಂಡು ಹತ್ತಕ್ಕಾಗತ್ತೇನೇ?” ಎಂದು ಗುರುಸ್ವಾಮಿ ಹೆಂಡತಿಯನ್ನು ಕೇಳಿದರು.

“ಹತ್ಬ್ಯಾಡಿ. ಅಂಗ್ಡೀಲ್ ಕೂತ್ಕಂಡು ಪಂಕ್ಚರ್ ಹಾಕಿ. ಅದುಕ್ಕೆ ಕಾಲ್ ಬೇಕಾ?”

ನಕ್ಕರು. ಒಪ್ಪಲಿಲ್ಲ. ಬೇಕರಿಯವರು ಮಂಚದ ಪಕ್ಕ ಅಡ್ಡಬಿದ್ದರು. ನಾನು ಡಾಕ್ಟರ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. “ನಾಳೆ ನೋಡಾಣ ಕಣೋ” ಎನ್ನುವರು. ಮರುದಿನವೂ ಅದೇ ಮಾತು. ಜುಲೈ ೯ರ ಮಧ್ಯಾಹ್ನ, ನಂಜು ಮೈಗೇರಿ ತೀರಿಕೊಂಡರು.

ಈಗ ಅವರ ತಮ್ಮ ಮಾಲೆ ಹಾಕಿದ್ದಾರೆ. ಅಣ್ಣನ ತಂಡವನ್ನು ಶಬರಿಮಲೆಗೆ ತಾವೇ ಕರೆದೊಯ್ಯುತ್ತಾರಂತೆ. ಇವರಿಗೂ ಸಕ್ಕರೆ ಕಾಯಿಲೆ. ಮೊನ್ನೆ ಅಂಗಡಿ ಮುಂದೆ ಇವರ ಪಾದಕ್ಕೆ ಮೊಳೆ ಹೊಕ್ಕಿತ್ತು. ನಾನು ತೋರಿಸಿದ ಮೇಲೆ ಬಗ್ಗಿ ನೋಡಿದರು. “ಗೊತ್ತೇ ಆಗ್ಲಿಲ್ವಲ್ಲ ಸ್ವಾಮಿ!” ಎಂದು ಸಂತೋಷಪಟ್ಟರು. ಇವರ ಅತ್ತಿಗೆ ಅತ್ತು ಹೇಳಿದರು, ಡಾಕ್ಟರು ಹೇಳಿದರು, ನಾನೂ ಹೇಳಿದೆ. ಚಪ್ಪಲಿ ಮೆಟ್ಟಲು ಒಪ್ಪುತ್ತಿಲ್ಲ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದು, ಅವರನ್ನು ನೀವು ಒಪ್ಪಿಸಿದ್ದರೆ, ಏನು ಹೇಳಿ ಒಪ್ಪಿಸಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ. ತಂಡ ಹೊರಡಲು ಇನ್ನು ಹನ್ನೆರಡು ದಿನವಿದೆ.