ಲ್ಯಾರಿಯ ನಲವತ್ತು ನಿಮಿಷ

ಬೇಳದ ಅಲೋಶಿಯಸ್ ಡಿಸೋಜರು ಮೂವತ್ತೊಂದು ವರ್ಷ ಕಾಸರಗೋಡು–ಕುಂಬ್ಡಾಜೆ ರೂಟಿನಲ್ಲಿ ಖಾಸಗಿ ಬಸ್ಸು ಬಿಟ್ಟವರು. ಟಯರು ಒಡೆಯಲಿ, ಗುಡ್ಡ ಜರಿಯಲಿ, ಹರತಾಳವೇ ಇರಲಿ, ಹತ್ತಿದವರನ್ನು ಅರ್ಧ ದಾರಿಯಲ್ಲಿ ಬಿಟ್ಟು ಬಂದ ಮನುಷ್ಯ ಅಲ್ಲ. ಒಮ್ಮೆ ಗೇರ್ ಬಾಕ್ಸ್ ಕೈಕೊಟ್ಟಾಗ ಇಪ್ಪತ್ತೆರಡು ಜನರನ್ನು ಎರಡು ಜೀಪಿನಲ್ಲಿ ತುಂಬಿಸಿ, ತಾವೇ ಜೊತೆಗೆ ಹೋಗಿ ಮನೆ ಮುಟ್ಟಿಸಿದ್ದರು. ಅದರ ಜಂಬ ಇತ್ತೋ ಎಂದರೆ ಇತ್ತು, ಸುಳ್ಳು ಯಾಕೆ ಹೇಳಬೇಕು? ಮದುವೆ ಊಟಕ್ಕೆ ಕೂತರೆ ಬಡಿಸುವವರು ಬರುವ ಮೊದಲೇ ಪಕ್ಕದವರ ಎಲೆಗೆ ಈ ಕತೆ ಬಿದ್ದಾಗಿರುತ್ತಿತ್ತು.

ಲ್ಯಾರಿ ಅವರ ಒಬ್ಬನೇ ಮಗ. ಚಿಕ್ಕವನಿದ್ದಾಗ ರಜೆಯ ದಿನವೆಲ್ಲ ಅಪ್ಪನ ಪಕ್ಕದಲ್ಲಿ, ಬಿಸಿ ಇಂಜಿನ್ನಿನ ಮುಚ್ಚಳದ ಮೇಲೆ ಗೋಣಿ ಹಾಸಿ ಕೂತಿರುತ್ತಿದ್ದ. ಡ್ರೈವರ್ ಆಗುತ್ತೇನೆ ಎಂದು ಕಂಡಕಂಡವರಿಗೆ ಹೇಳಿದವನಿಗೆ ಹತ್ತನೇ ವಯಸ್ಸಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಸ್ನಾಯುಗಳ ಬಲ ಒಂದೊಂದಾಗಿ ಇಳಿದುಹೋಗುವ ಕಾಯಿಲೆ, ಮದ್ದಿಲ್ಲ ಎಂದರು. ಹದಿನಾಲ್ಕಕ್ಕೆ ಗಾಲಿಕುರ್ಚಿ. ದೇವರಿಗೂ ಒಮ್ಮೊಮ್ಮೆ ಕಣ್ಣು ಕಾಣುವುದಿಲ್ಲ ನೋಡಿ.

ಆದರೆ ಹುಡುಗ ಸುಮ್ಮನೆ ಕೂರುವವನಲ್ಲ. ಕಂಪ್ಯೂಟರಿನಲ್ಲಿ ಕಾರ್ ರೇಸು ಬಿಡುವುದುಂಟು, ಅದಕ್ಕೆ ನಿಜವಾದ ಸ್ಟಿಯರಿಂಗೇ ಉಂಟು ಎಂದು ಎಲ್ಲಿಂದಲೋ ಹುಡುಕಿದ. ಅಲೋಶಿಯಸ್ಸರು ಗುಜರಿಗೆ ಹೋದ ಬಸ್ಸಿನ ಡ್ರೈವರ್ ಸೀಟು ಹೊತ್ತು ತಂದು ಹೊರಕೋಣೆಯಲ್ಲಿ ಕೂರಿಸಿದರು. ಕಾಲು ಆಗುವುದಿಲ್ಲವಲ್ಲ, ಬದಿಯಡ್ಕದಲ್ಲಿ ಲೇತ್ ಇಟ್ಟುಕೊಂಡ ಉದಯಶಂಕರ ಸ್ಟಿಯರಿಂಗಿನ ಅಡಿಗೆ ಎರಡು ಸಣ್ಣ ಲಿವರ್ ಮಾಡಿಕೊಟ್ಟ: ಬಲಬೆರಳಿಗೆ ಆಕ್ಸಿಲರೇಟರ್, ಎಡಬೆರಳಿಗೆ ಬ್ರೇಕು. ತಿಂಗಳೊಳಗೆ ಲ್ಯಾರಿ ಗಾಳಿಯ ಹಾಗೆ ಓಡಿಸತೊಡಗಿದ. ಅಪ್ಪನಿಗೂ ಕಲಿಸಿದ. ಅಪ್ಪ ಎಂಥಾ ರೇಸಿನವರೆಂದರೆ, ಹಿಂದಿನಿಂದ ಲೈಟು ಹೊಡೆದವರಿಗೆಲ್ಲ ಸೈಡು ಕೊಡುವವರು!

“ಪಪ್ಪಾ, ಇದು ರೇಸು ಮಾರಾಯ್ರೆ, ಆಂಬುಲೆನ್ಸ್ ಅಲ್ಲ!” ಎಂದು ಲ್ಯಾರಿ ನಕ್ಕು ಸುಸ್ತಾಗುತ್ತಿದ್ದ. ಮನೆಯ ಮಾತು ಕೊಂಕಣಿಯಾದರೂ ಗಾಡಿಯ ವಿಷಯ ಬಂದರೆ ಅಪ್ಪ ಮಗ ಇಬ್ಬರೂ ಕನ್ನಡಕ್ಕೆ ಬರುವವರು. ಬಸ್ಸಿನ ಅಭ್ಯಾಸ.

ಹೀಗೇ ಐದು ವರ್ಷ. ಕಳೆದ ನವೆಂಬರಿನಲ್ಲಿ ಡಾಕ್ಟರು ಲ್ಯಾರಿಯ ಬೆರಳು ಮಡಚಿ ಬಿಡಿಸಿ ನೋಡಿ, ಬೇಸಿಗೆವರೆಗೆ ಈ ಬಲ ಉಳಿದರೆ ಪುಣ್ಯ ಎಂದರು. ಮನೆಯ ಗೇಟಿನ ಹತ್ತಿರ ಬಂದಾಗ ಲ್ಯಾರಿ ಹೇಳಿದ.

“ಪಪ್ಪಾ, ಕ್ರಿಸ್ಮಸ್ ರೇಸಿಗೆ ಹೆಸರು ಕೊಡುವಾ. ಟೀಮಿನಲ್ಲಿ ಇಬ್ಬರು, ಒಟ್ಟು ಎರಡು ಗಂಟೆ. ಒಬ್ಬೊಬ್ಬ ನಲವತ್ತು ನಿಮಿಷ ಆದ್ರೂ ಬಿಡ್ಬೇಕು, ಇಲ್ಲದಿದ್ರೆ ಟೀಮು ಲೆಕ್ಕಕ್ಕಿಲ್ಲ. ನನ್ನ ನಲವತ್ತು ನಾನೇ ಬಿಡುದು. ಕೈ ಜಾರಿದ್ರೆ ಎತ್ತಿ ಇಡಿ, ಅಷ್ಟೇ. ಮತ್ತೆಂತ ಮಾಡ್ಬಾರ್ದು.”

“ಆಯ್ತು ಮಗಾ,” ಎಂದರು ಅಲೋಶಿಯಸ್ಸರು. ಮಾತು ಕೊಟ್ಟರು.

ಹಬ್ಬದ ಮರುದಿನ ಮಧ್ಯಾಹ್ನ ಎರಡಕ್ಕೆ ರೇಸು. ಮೂವತ್ತು ಟೀಮು, ಎಲ್ಲ ಅವರವರ ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ. ಕಾರಿಗೆಲ್ಲ ನಕ್ಷತ್ರ, ಹಿಮ, ಕೆಂಪು ಟೊಪ್ಪಿಯ ಬಣ್ಣ. ಕಾಞಂಗಾಡಿನ ಮುರಳೀಕೃಷ್ಣ ಎಂಬವನು ಮಲಯಾಳದಲ್ಲಿ ಕಾಮೆಂಟರಿ ಹೇಳುತ್ತಿದ್ದ, ನಡುನಡುವೆ ಗಂಟೆ ಬಾರಿಸುತ್ತಿದ್ದ. ಲ್ಯಾರಿಯ ಅಮ್ಮ ಲೂರ್ಡ್ಸ್‌ಬಾಯಿ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ತಂದಿಟ್ಟು, ಮಗನ ತಲೆಗೂ ಒಂದು ಕೆಂಪು ಟೊಪ್ಪಿ ಹಾಕಿ, ಬಾಗಿಲಲ್ಲಿ ನಿಂತರು.

ಮೊದಲ ಹದಿನೈದು ನಿಮಿಷ ಲ್ಯಾರಿ ಚೆಂದ ಬಿಟ್ಟ, ಹನ್ನೊಂದನೇ ಜಾಗದಲ್ಲಿದ್ದ. ಆಮೇಲೆ ಬಲಗೈ ಜಾರಿತು. ಅಲೋಶಿಯಸ್ಸರು ಎತ್ತಿ ಇಟ್ಟರು. ಮತ್ತೆ ಜಾರಿತು, ಮತ್ತೆ ಇಟ್ಟರು. ಕಾರು ಒಮ್ಮೆ ಗೋಡೆಗೆ ಒರಗಿತು, ಒಮ್ಮೆ ಹುಲ್ಲಿಗೆ ಇಳಿಯಿತು. ಒಬ್ಬೊಬ್ಬರಾಗಿ ದಾಟಿಹೋದರು, ಕಡೆಗೆ ಹಿಂದೆ ಯಾರೂ ಉಳಿಯಲಿಲ್ಲ. ಲ್ಯಾರಿಯ ಹಣೆಯಲ್ಲಿ ಬೆವರು, ಹಲ್ಲು ಕಚ್ಚಿಕೊಂಡಿದ್ದ. ಆದರೂ ಕಣ್ಣು ಪರದೆಯಿಂದ ಆಚೆ ಹೋಗಲಿಲ್ಲ.

ಇಪ್ಪತ್ತಾರನೇ ನಿಮಿಷಕ್ಕೆ ಕಾರು ತಿರುವಿನಲ್ಲಿ ಅಡ್ಡ ತಿರುಗಿತು. ಎತ್ತಿ ಇಡಲು ಹೋದ ಅಲೋಶಿಯಸ್ಸರ ಕೈ ಹಾಗೇ ಮಗನ ಕೈಯ ಮೇಲೆ ಕೂತಿತು. ಮೂವತ್ತೊಂದು ವರ್ಷದ ಕೈ, ಗಾಡಿ ರಸ್ತೆ ಬಿಟ್ಟರೆ ಕೇಳುತ್ತದಾ? ಮಗನ ಬೆರಳಿನ ಮೇಲಿಂದಲೇ ಲಿವರ್ ಒತ್ತಿ, ಸ್ಟಿಯರಿಂಗ್ ತಿರುಗಿಸಿ, ಕಾರನ್ನು ದಾರಿಗೆ ತಂದರು.

“ಪಪ್ಪಾ, ಕೈ ತೆಗೀರಿ.”

“ಈ ತಿರುವು ಒಂದು ದಾಟ್ಲಿ ಮಗಾ.”

ತಿರುವು ದಾಟಿತು, ಇನ್ನೊಂದು ಬಂತು. ತೆಗೆದರೆ ಪುನಃ ಗೋಡೆ. ನಲವತ್ತು ಮುಟ್ಟದಿದ್ದರೆ ಹುಡುಗನ ಹೆಸರೇ ಇಲ್ಲ. ಹೇಗಾದರೂ ಮುಟ್ಟಿಸಬೇಕು, ಅಷ್ಟೇ ಅವರ ತಲೆಯಲ್ಲಿ. ಲ್ಯಾರಿ ಎರಡನೇ ಸಲ ಹೇಳಲಿಲ್ಲ. ಹೀಗೆ ಹದಿನಾಲ್ಕು ನಿಮಿಷ. ಆಮೇಲೆ ತಂದೆತಾಯಿ ಅವನನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದರು, ಉಳಿದ ರೇಸನ್ನು ಅಪ್ಪ ಆ ದಿನ ಯಾರಿಗೂ ಸೈಡು ಕೊಡದೆ ತಮ್ಮ ಹೆಸರಿನಲ್ಲಿ ಮುಗಿಸಿದರು. ಹತ್ತೊಂಬತ್ತನೇ ಜಾಗ! ಲೂರ್ಡ್ಸ್‌ಬಾಯಿ ಚಪ್ಪಾಳೆ ತಟ್ಟಿದರು.

ಕೊನೆಗೆ ಮುರಳೀಕೃಷ್ಣ ಎಲ್ಲ ಟೀಮಿನ ಹೆಸರು ಓದಿದ. ಇವರದ್ದು ಬಂದಾಗ, “ಲ್ಯಾರೀ, ನಿನ್ನ ಸರದಿಯ ಕೊನೆಯ ಹತ್ತು ಹದಿನೈದು ನಿಮಿಷ ಎಂಥಾ ಡ್ರೈವಿಂಗ್ ಮಾರಾಯ! ಎಲ್ಲರಿಗೂ ಎರಡು ಮಾತು ಹೇಳು” ಎಂದ.

ಅಲೋಶಿಯಸ್ಸರು ನಗುತ್ತಾ ಮೈಕನ್ನು ಮಗನ ಬಾಯಿಯ ಹತ್ತಿರ ಹಿಡಿದರು.

“ಅದು ನಾನಲ್ಲ, ಪಪ್ಪಾ ಬಿಟ್ಟದ್ದು,” ಎಂದ ಲ್ಯಾರಿ. “ನಾನು ಬಿಟ್ಟದ್ದು ಇಪ್ಪತ್ತಾರು ನಿಮಿಷ. ನಮ್ಮ ಟೀಮಿನ ಹೆಸರು ತೆಗೆದುಬಿಡಿ. ಎಲ್ಲರಿಗೂ ಹ್ಯಾಪಿ ಕ್ರಿಸ್ಮಸ್.”

ಅಲೋಶಿಯಸ್ಸರು ಮೈಕು ಕೆಳಗಿಟ್ಟು ಕಂಪ್ಯೂಟರು ಆರಿಸಿದರು. “ನಿನ್ನ ಹೆಸರು ಬರ್ಲಿ ಅಂತ ಮಾಡಿದ್ದು ಮಗಾ...”

“ಹೆಸರು ಯಾರಿಗೆ ಬೇಕಿತ್ತು ಪಪ್ಪಾ? ಗೋಡೆಗೆ ಗುದ್ದಿ ಗುದ್ದಿ ಆದ್ರೂ ಆ ಹದಿನಾಲ್ಕು ನಿಮಿಷ ನನಗೆ ಬೇಕಿತ್ತು. ಕಡೆಗೆ ಬಂದ್ರೆ ಬರ್ತಿದ್ದೆ.” ಲ್ಯಾರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಕೆನ್ನೆಯ ಮೇಲೆ ಇಳಿಯುವ ನೀರನ್ನು ಒರೆಸಿಕೊಳ್ಳಲು ಅವನಿಗೆ ಕೈ ಬರುತ್ತಿರಲಿಲ್ಲ. ಲೂರ್ಡ್ಸ್‌ಬಾಯಿ ಸೆರಗಿನಿಂದ ಒರೆಸಿದರು. ಅಲೋಶಿಯಸ್ಸರಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಇಷ್ಟು ವರ್ಷ ಇಲ್ಲದ ನಾಚಿಕೆ ತಮ್ಮ ಕೈಯನ್ನು ನೋಡುವಾಗ ಆಯಿತು.

ಹೊಸ ವರ್ಷದ ದಿನ ಅವರೇ ಕೇಳಿದರು: “ಪುನಃ ಕೂತ್ಕೊಳ್ತೀಯಾ? ರೇಸು ಬೇಡ, ಸುಮ್ಮನೆ ನಲವತ್ತು ನಿಮಿಷ. ನಾನು ಮುಟ್ಟುದಿಲ್ಲ, ಆಣೆ ಹಾಕ್ತೇನೆ.”

ಲ್ಯಾರಿ ಹೂಂ ಎಂದ. ಎತ್ತಿ ಸೀಟಿನಲ್ಲಿ ಕೂರಿಸಿ, ಕೈಗಳನ್ನು ಸ್ಟಿಯರಿಂಗಿನ ಮೇಲೆ ಇಟ್ಟು, ಅಲೋಶಿಯಸ್ಸರು ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಪರದೆಯಲ್ಲಿ ಹಸಿರು ದೀಪ ಬಿತ್ತು. ಲ್ಯಾರಿ ಬಲಗೈಯ ಬೆರಳನ್ನೇ ನೋಡಿದ. ಅದು ಅಲುಗಲಿಲ್ಲ. ಎಡಗೈ ನೋಡಿದ. ಐದು ನಿಮಿಷ ಕಳೆಯಿತು, ಹತ್ತಾಯಿತು. ಕಾರು ಹೊರಡುವ ಗೆರೆಯ ಮೇಲೆಯೇ ಗುರುಗುಡುತ್ತಾ ನಿಂತಿತ್ತು. ಅಲೋಶಿಯಸ್ಸರು ಬೆನ್ನ ಹಿಂದಿನ ಕೈ ಬಿಡಿಸಲಿಲ್ಲ.

“ಸಾಕು ಪಪ್ಪಾ,” ಎಂದ ಲ್ಯಾರಿ. “ಎತ್ತಿ.”