ಸೆಲಿನ್ ಟೀಚರ ಪಾಲಿನ ಆಕಾಶ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಆತ್ಮ, ಗೀತ್ಮ ಎಂದವರಿಗೆ ‘ಹೋಗಿ, ಸ್ವಲ್ಪ ನಿದ್ದೆ ಮಾಡಿ’ ಎನ್ನುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಿಸರ್ಗದ ಚಿತ್ರ ಬರೆಯುವುದು ನನ್ನ ಕಸುಬು. ಕ್ಯಾಲೆಂಡರಿಗೆ, ಪುಸ್ತಕದ ಮುಖಪುಟಕ್ಕೆ. ಆದರೆ ಆಕಾಶ ಮಾತ್ರ ನನ್ನ ಕೈಗೆ ಎಂದೂ ಒಲಿಯಲಿಲ್ಲ. ಅದನ್ನು ಬರೆದುಕೊಡುತ್ತಿದ್ದವರು ಕುಲಶೇಖರದ ಸೆಲಿನ್ ಟೀಚರ್, ನಿವೃತ್ತ ಡ್ರಾಯಿಂಗ್ ಟೀಚರ್. ಒಂದೇ ಹಾಳೆಯಲ್ಲಿ ನೆಲ, ನೀರು ನನ್ನದು, ಆಕಾಶ ಅವರದು. ನೀಲಿ ಬಳಿದು, ಆರುವ ಮೊದಲೇ ಸೀರೆಯ ಸೆರಗಿನಿಂದ ಒತ್ತಿ ಬಣ್ಣ ತೆಗೆಯುತ್ತಿದ್ದರು. ಬಿಳಿ ಮೋಡ ಮೂಡುತ್ತಿತ್ತು, ಅದರೊಳಗೆ ಬಟ್ಟೆಯ ನೇಯ್ಗೆಯ ಗುರುತೂ ಉಳಿಯುತ್ತಿತ್ತು. ನಾನೋ, ಡಬ್ಬಿಯ ನೀರು ಚೂರು ಕದಡಿದರೂ ಬದಲಾಯಿಸಲು ಏಳುವವ.

“ಎಂತ ಮಾರಾಯ, ಒಂದು ಕಡೆ ಕೂತ್ಕೊಳ್ಳಲಿಕ್ಕೆ ಆಗುದಿಲ್ವಾ ನಿನಗೆ? ನೀನು ನೀರು ತರುವಷ್ಟರಲ್ಲಿ ನನ್ನ ಮೋಡ ಮುಗಿದಿರ್ತದೆ!”

ಆ ಬೈಗುಳ ಕೇಳಲೆಂದೇ ಕೆಲವೊಮ್ಮೆ ಏಳುತ್ತಿದ್ದೆ.

ಬೋಳಾರದ ಹೊಳೆಬದಿಯ ಒಂದು ಚಿತ್ರ ಆಕಾಶವಿಲ್ಲದೆ ಉಳಿಯಿತು. ಟೀಚರ್ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರು ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಕುವೈತಿನಲ್ಲಿ ನರ್ಸ್ ಆಗಿರುವ, ಊರಿಗೆ ಬಂದಿದ್ದ ಮಗಳು ಫ್ಲೇವಿ ಫೋನ್ ಮಾಡಿದಳು. “ಅಂಕಲ್, ಮಮ್ಮಿಯ ಆ ಕೊನೆಯ ಚಿತ್ರ ಉಂಟಲ್ಲ, ಮುಗಿಸಿ ಕೊಡ್ತೀರಾ? ನಾಳೆ ನನ್ನ ಫ್ಲೈಟ್.”

ಸಂಜೆ ಹೊಳೆಬದಿಯ ಅದೇ ಜಾಗಕ್ಕೆ ಹೋಗಿ ಕೂತೆ. ಎದುರು ದಡದಲ್ಲಿ ಉಳ್ಳಾಲದ ತೆಂಗುಗಳು. ಕುಂಚ ಎತ್ತಿದೆ, ಇಳಿಸಿದೆ. ಅಳು ಬಂತು. ಡಬ್ಬಿಯ ನೀರು ಚೆನ್ನಾಗಿಯೇ ಇತ್ತು, ಆದರೂ ಕುಂಚಗಳನ್ನೆಲ್ಲ ಹಿಡಿದುಕೊಂಡು ಗೂಡಂಗಡಿಗೆ ನೀರು ತರಲು ಹೋದೆ.

ಮರಳಿದಾಗ ಹಾಳೆಯ ಮೇಲೆ ಆಕಾಶವಿತ್ತು. ಇನ್ನೂ ಹಸಿಯಾಗಿತ್ತು. ಮೋಡದೊಳಗೆ ನೇಯ್ಗೆಯ ಗುರುತು.

ಪಕ್ಕದಲ್ಲೇ ಬಲೆ ಹೊಲಿಯುತ್ತಿದ್ದವರನ್ನು ಕೇಳಿದೆ, ಯಾರಾದರೂ ಬಂದಿದ್ದರಾ ಎಂದು.

“ಯಾರೂ ಇಲ್ಲ ಮಾರಾಯ್ರೆ, ನಾನು ಇಲ್ಲೇ ಇದ್ದೆ. ಎಂತ, ಏನಾದ್ರೂ ಹೋಯ್ತಾ?”

ರಾತ್ರಿ ಚಿತ್ರ ಕೊಟ್ಟಾಗ ಫ್ಲೇವಿ ಮೋಡದ ಮೇಲೆ ಬೆರಳಾಡಿಸಿ ಅತ್ತಳು. “ಮಮ್ಮಿ ಮಾಡಿದ ಹಾಗೇ ಉಂಟು ಅಂಕಲ್,” ಎಂದಳು.

ದುಃಖದಲ್ಲಿ ಮೈಮರೆತು ನಾನೇ ಬರೆದೆನೇ? ಗೊತ್ತಿಲ್ಲ. ಹಾಗೆ ಬರೆಯಲು ನನಗೆ ಬಾರದು, ಅಷ್ಟು ಮಾತ್ರ ಗೊತ್ತು. ನನ್ನ ಕೊರಗು ಬೇರೆ. ಅಯ್ಯೋ, ಅಂದು ಏಳದೆ ಕೂತಿದ್ದರೆ ಒಂದು ಸಲ ಅವರನ್ನು ನೋಡುತ್ತಿದ್ದೆನೋ ಏನೋ!

ಈಗಲೂ ಆಗಾಗ ಬೋಳಾರಕ್ಕೆ ಹೋಗುತ್ತೇನೆ. ನೆಲ, ನೀರು ಬರೆದು, ಮೇಲೆ ಬಿಳಿ ಬಿಟ್ಟು ಕೂರುತ್ತೇನೆ. ಡಬ್ಬಿಯ ನೀರು ಎಷ್ಟು ಕದಡಿದರೂ ಏಳುವುದಿಲ್ಲ.